ಲಸಿಕೆಯ ನಂತರದ ತೊಂದರೆ: ಮುಚ್ಚಿಡುವುದು ಬೇಡ

ಲಸಿಕೆ ಹಾಕಿಸಿದ ಸಂಜೆ ಮಗುವಿನ ಮೈ ಬಿಸಿಯಾಗುವುದು, ಚುಚ್ಚಿದ ಜಾಗ ಊದಿಕೊಳ್ಳುವುದು ತಾಯಂದಿರಿಗೆಲ್ಲ ಗೊತ್ತು. ಒಂದೆರಡು ದಿನಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಆದರೆ ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ, ಆಸ್ಪತ್ರೆಗೆ ಸೇರಿಸಬೇಕಾದರೆ? ಇಂಥ ಗಂಭೀರ ತೊಂದರೆಗಳು ಅಪರೂಪ. ಅಪರೂಪವಾದ್ದರಿಂದಲೇ ಪ್ರತಿಯೊಂದೂ ಸರ್ಕಾರದ ಲೆಕ್ಕಕ್ಕೆ ಬರಬೇಕು.

ಹತ್ತು ಸಾವಿರಕ್ಕೊಬ್ಬರಲ್ಲಿ ಕಾಣುವ ತೊಂದರೆ, ಕೆಲವೇ ಸಾವಿರ ಮಂದಿಯ ಮೇಲೆ ನಡೆಯುವ ಪರೀಕ್ಷೆಯಲ್ಲಿ ಸ್ಪಷ್ಟವಾಗದೇ ಹೋಗಬಹುದು. ಲಕ್ಷಾಂತರ ಮಕ್ಕಳಿಗೆ ಹಾಕಿದ ಮೇಲಷ್ಟೇ ಅದು ಗೊತ್ತಾಗುತ್ತದೆ.

ಅಮೆರಿಕದ ಉದಾಹರಣೆ ನೋಡಿ. ರೋಟಾ ವೈರಸ್ ಭೇದಿಯ ವಿರುದ್ಧ ರೋಟಾಶೀಲ್ಡ್ ಎಂಬ ಲಸಿಕೆ 1998ರಲ್ಲಿ ಅಲ್ಲಿ ಬಳಕೆಗೆ ಬಂತು. ಲಸಿಕೆ ಪಡೆದ ಕೆಲವು ಕೂಸುಗಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಂಡು ಕಟ್ಟಿಕೊಂಡಿತು. ರಾಷ್ಟ್ರೀಯ ವರದಿ ವ್ಯವಸ್ಥೆಗೆ ಬಂದ ಇಂಥ 15 ಪ್ರಕರಣಗಳೇ ಎಚ್ಚರಿಕೆಯ ಗಂಟೆಯಾದವು. 1999ರ ಜುಲೈನಲ್ಲಿ ಬಳಕೆ ತಡೆಯಲಾಯಿತು; ಅಕ್ಟೋಬರ್‌ನಲ್ಲಿ ತಯಾರಕರು ಲಸಿಕೆಯನ್ನು ಹಿಂತೆಗೆದುಕೊಂಡರು. ನಂತರ ಬಂದ ಎರಡು ರೋಟಾ ಲಸಿಕೆಗಳ ಪರೀಕ್ಷೆಯಲ್ಲಿ ತಲಾ 60 ಸಾವಿರಕ್ಕೂ ಹೆಚ್ಚು ಮಕ್ಕಳು ಪಾಲ್ಗೊಂಡರು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ 2016ರಲ್ಲಿ ರೋಟಾ ಲಸಿಕೆ ಸೇರಿತು. ವರದಿಯಿಂದ ಲಸಿಕೆಗೆ ಕೆಟ್ಟ ಹೆಸರು ಬರಲಿಲ್ಲ, ಅದು ಇನ್ನಷ್ಟು ಸುರಕ್ಷಿತವಾಯಿತು.

ಹಾಗೆಂದು ಪ್ರತಿ ವರದಿಯೂ ಲಸಿಕೆಯ ಮೇಲಿನ ತೀರ್ಪಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ, ಬೇರೆ ಕಾಯಿಲೆ ಅದೇ ವಾರ ಕಾಣಿಸಿಕೊಂಡಿರಬಹುದು. ಲಸಿಕೆಯನ್ನು ಇಟ್ಟ ರೀತಿಯಲ್ಲಿ, ಹಾಕಿದ ರೀತಿಯಲ್ಲಿ ಲೋಪವಿರಬಹುದು. ಲಸಿಕೆಯೇ ಕಾರಣವಾಗಿರಲೂಬಹುದು. ಯಾವುದೆಂದು ಹೇಳಬೇಕಾದದ್ದು ತನಿಖೆ.

ನಮ್ಮಲ್ಲಿಯೂ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಇದಕ್ಕಾಗಿ ಸಮಿತಿಗಳಿವೆ. ಆದರೆ ತಪ್ಪು ತನ್ನ ತಲೆಗೇ ಬರುತ್ತದೆಂದು ಲಸಿಕೆ ಹಾಕಿದ ಆರೋಗ್ಯ ಸಹಾಯಕಿ ಹೆದರಿದರೆ, ಹೆಸರು ಕೆಡುತ್ತದೆಂದು ಖಾಸಗಿ ವೈದ್ಯರು ಸುಮ್ಮನಾದರೆ ಸಮಿತಿಗಳಿಂದ ಏನು ಪ್ರಯೋಜನ? ಪ್ರಾಮಾಣಿಕವಾಗಿ ವರದಿ ಮಾಡಿದವರಿಗೆ ಶಿಕ್ಷೆಯ ಭಯವಿರಬಾರದು. ತನಿಖೆಯ ಫಲಿತಾಂಶವನ್ನು ಮಗುವಿನ ಮನೆಯವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಉತ್ತರ ಸಿಗದ ಕಡೆ ವದಂತಿ ಹುಟ್ಟುತ್ತದೆ; ಅದನ್ನು ನಂಬಿ ಲಸಿಕೆ ತಪ್ಪಿಸಿದ ಮನೆಗೆ ದಡಾರ ಬರುತ್ತದೆ.

ಪೋಷಕರು ಮಾಡಬೇಕಾದದ್ದು ಇಷ್ಟು: ಲಸಿಕೆಯ ನಂತರ ಅರ್ಧ ಗಂಟೆ ಕೇಂದ್ರದಲ್ಲೇ ಇರಿ. ಲಸಿಕೆಯ ಕಾರ್ಡನ್ನು ಜೋಪಾನವಾಗಿಡಿ. ಗಂಭೀರ ತೊಂದರೆ ಕಂಡರೆ ಮೊದಲು ಮಗುವನ್ನು ಆಸ್ಪತ್ರೆಗೆ ಒಯ್ಯಿರಿ. ಲಸಿಕೆ ಯಾವತ್ತು ಹಾಕಿಸಿದಿರೆಂದು ವೈದ್ಯರಿಗೆ ತಿಳಿಸಿ, ವರದಿ ಮಾಡುವಂತೆ ಕೇಳಿ. ಮುಂದಿನ ಲಸಿಕೆಗಳನ್ನು ನೀವಾಗಿಯೇ ನಿಲ್ಲಿಸದೆ ವೈದ್ಯರ ಸಲಹೆ ಪಡೆಯಿರಿ.