ಮರಿಗೆ ಪಾಠ, ಮನೆಗೂ ಪಾಠ

ನಾಯಿಯ ಬಾಲ ಡೊಂಕೆಂದು ಹಿರಿಯರು ಹೇಳಿದ್ದಾರೆ. ಬಾಲದ ಮಾತು ಹಾಗಿರಲಿ. ಅದರ ನಡತೆ ಡೊಂಕಾದರೆ ತಪ್ಪು ಬಹುಮಟ್ಟಿಗೆ ಸಾಕಿದವರದೇ ಎಂಬುದನ್ನು ಡೊಂಬಿವಲಿಯ ನಾಲ್ಕನೆಯ ಮಹಡಿಯಲ್ಲಿ ನಾವು ಕಷ್ಟಪಟ್ಟು ಕಲಿತೆವು.

ಹೋದ ವರ್ಷ ಬಾಗಲಕೋಟೆಯ ಕಡೆಯ ನೆಂಟರು ಎರಡು ತಿಂಗಳ ಮುಧೋಳ ಮರಿಯೊಂದನ್ನು ತಂದುಕೊಟ್ಟರು. ನಮಗೋ ಹೆಮ್ಮೆಯೇ ಹೆಮ್ಮೆ! 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ. 2016ರಲ್ಲಿ ಸೇನೆಯವರು ತರಬೇತಿಗೆಂದು ಮೀರತ್‌ಗೆ ಒಯ್ದ ಮರಿಗಳ ಬಳಗ. ಅಂಥ ವಂಶದ ಕುಡಿಗೆ ‘ಒಂದಕ್ಕೆ’ ಎಲ್ಲಿ ಹೋಗಬೇಕೆಂಬುದು ತಾನಾಗಿಯೇ ತಿಳಿದಿರುತ್ತದೆಂದು ನಂಬಿದ್ದೆವು. ಅದು ಮೊದಲ ದಿನವೇ ದಿವಾನದ ಮೇಲೆ ಉತ್ತರ ಕೊಟ್ಟಿತು.

ಬೆಳಗಿನ ಲೋಕಲ್ ಹಿಡಿದು ನಾವಿಬ್ಬರೂ ಹೊರಟರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಮಕ್ಕಳಿಗೆ ಶಾಲೆ, ಆಮೇಲೆ ಟ್ಯೂಷನ್. ಸಂಜೆ ಬಾಗಿಲು ತೆರೆದರೆ ನೆಲವೆಲ್ಲ ಹೊಲಸು. ನಾವು ಗದರಿದೆವು, ಮೂತಿ ಹಿಡಿದು ನೆಲಕ್ಕೆ ಒತ್ತಿದೆವು, ಒಂದೆರಡು ಏಟನ್ನೂ ಕೊಟ್ಟೆವು. ಎರಡು ವಾರದಲ್ಲಿ ಮರಿ ಕಲಿತದ್ದು ಇಷ್ಟೇ: ನಮ್ಮ ಹೆಜ್ಜೆಯ ಸಪ್ಪಳ ಕೇಳಿದೊಡನೆ ಮಂಚದ ಕೆಳಗೆ ಅಡಗುವುದು, ಹೊಲಸನ್ನೂ ಅಲ್ಲಿಯೇ ಮಾಡುವುದು. ಹಗಲೆಲ್ಲ ಅದರ ಅಳು ಕೇಳಲಾಗದೆಂದು ಕೆಳಗಿನ ಮನೆಯವರು ಬಂದು ಹೇಳಿಹೋದರು. ಯಾರಿಗಾದರೂ ಕೊಟ್ಟುಬಿಡೋಣವೆಂದು ನಿಶ್ಚಯಿಸಿದೆವು. ಆ ರಾತ್ರಿ ನಮ್ಮ ಕಿರಿಯ ಮಗಳು ಊಟಕ್ಕೆ ಏಳಲಿಲ್ಲ.

ಊರಿನಿಂದ ಬಂದಿದ್ದ ನಮ್ಮ ತಾಯಿಯವರು ಆಗ ಅಂದರು: “ಕೂಸಿನ್ನ ದಿನಾಪೂರ್ತಿ ಕೂಡಿಹಾಕಿ, ಸಂಜೀಕ ಬಂದು ಹೊಡದರ ಅದಕ್ಕೇನು ತಿಳೀತದಪಾ? ನಿನ್ನ ನಾ ಹಿಂಗ ಬೆಳೆಸೇನೇನು?”

ನಮ್ಮಲ್ಲಿ ಉತ್ತರವಿರಲಿಲ್ಲ. ಪಶುವೈದ್ಯರನ್ನು ಕೇಳಿದರೆ ಅವರದೂ ಅದೇ ಮಾತು. ಆಗಿಹೋದ ತಪ್ಪಿಗೆ ಆಮೇಲೆ ಕೊಟ್ಟ ಶಿಕ್ಷೆ ಮರಿಗೆ ಅರ್ಥವಾಗದು, ಭಯವೊಂದೇ ಉಳಿಯುತ್ತದೆ. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು ತಾಸಿಗಿಂತ ಹೆಚ್ಚು ತಡೆಯಲಾರದು. ನಿದ್ದೆಯಿಂದ ಎದ್ದಾಗ, ಉಂಡೊಡನೆ, ಆಟವಾಡಿ ದಣಿದಾಗ, ಈ ಮೂರು ಹೊತ್ತಿನಲ್ಲಿ ತಪ್ಪದೆ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಬೇಕು. ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿ ಬೇಡ. ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ ಹಾಸಿದರೆ ಸಾಕು. ಕೆಲಸ ಮುಗಿದ ಕ್ಷಣದಲ್ಲೇ ಮೈದಡವಿ ರೊಟ್ಟಿಯ ಚೂರು ಕೊಡಬೇಕು. ಒಂದು ನಿಮಿಷ ತಡವಾದರೂ ಯಾವುದಕ್ಕೆ ಕೊಟ್ಟರೆಂದು ಅದಕ್ಕೆ ತಿಳಿಯದು. ಬೇರೆಡೆ ಮಾಡಿದರೆ ಸುಮ್ಮನೆ ಒರೆಸಿರಿ. ಆದರೆ ಅಮೋನಿಯಾ ಬೆರೆತ ದ್ರಾವಣ ಬೇಡ. ಆ ವಾಸನೆ ಮೂತ್ರದಂತೆಯೇ ಇದ್ದು ಮರಿಯನ್ನು ಮತ್ತೆ ಅಲ್ಲಿಗೇ ಕರೆಯುತ್ತದೆ.

ನಡುಹಗಲಿನ ಪಾಳಿಯನ್ನು ನಮ್ಮ ತಾಯಿ ವಹಿಸಿಕೊಂಡರು. ಅವರು ಊರಿಗೆ ಮರಳಿದ ಮೇಲೆ ಎದುರು ಮನೆಯ ನಿವೃತ್ತ ಮರಾಠಿ ಕಾಕಾ ತಾವಾಗಿಯೇ ಮುಂದೆ ಬಂದರು. ತಿಂಗಳೊಪ್ಪತ್ತಿನಲ್ಲಿ ನೆಲ ಒಣಗಿತು.

ಇನ್ನು ವಿಧೇಯತೆಯ ಪಾಠ. ತಿಂಡಿಯ ಚೂರನ್ನು ಮೂಗಿನ ಮುಂದೆ ಹಿಡಿದು ಮೆಲ್ಲಗೆ ತಲೆಯ ಮೇಲಕ್ಕೆ ಒಯ್ದರೆ ಮರಿ ತಾನಾಗಿಯೇ ಕುಳಿತುಕೊಳ್ಳುತ್ತದೆ. ಕುಳಿತಾಗ ಆ ಪದ ಹೇಳಿ ಚೂರು ಕೊಡಬೇಕು. ಐದೈದು ನಿಮಿಷದಂತೆ ದಿನಕ್ಕೆ ಮೂರು ಸಲ ಸಾಕು. (ಚಾಕೊಲೇಟು, ದ್ರಾಕ್ಷಿ, ಈರುಳ್ಳಿ ಮಾತ್ರ ನಾಯಿಗೆ ವಿಷ, ಎಚ್ಚರ!)

ಇಷ್ಟು ಮಾಡಿದರೂ ನಮ್ಮ ಮರಿ ಮಿಕಮಿಕ ನೋಡುತ್ತಿತ್ತು. ಕಾರಣ ಸರಳ. ನಾವು “ಕೂಡ್ರು” ಎನ್ನುತ್ತಿದ್ದೆವು, ಮಕ್ಕಳು “ಸಿಟ್” ಎನ್ನುತ್ತಿದ್ದರು, ಕಾಕಾ “ಬಸ್” ಎನ್ನುತ್ತಿದ್ದರು. ಒಂದು ಕೆಲಸಕ್ಕೆ ಒಂದೇ ಪದವಿರಬೇಕು. ಮನೆಯಲ್ಲಿ ಸಭೆ ಸೇರಿತು. ಮರಿ ಮುಧೋಳದ್ದು, ಆದ್ದರಿಂದ ಕನ್ನಡವೇ ಆಗಲಿ ಎಂದು ಕಾಕಾ ತೀರ್ಪಿತ್ತರು. ಬಾ, ಕೂಡ್ರು, ನಿಲ್ಲು, ಬಿಡು ಎಂಬ ನಾಲ್ಕು ಪದಗಳನ್ನು ಅಡುಗೆಮನೆಯ ಬಾಗಿಲಿಗೆ ಕನ್ನಡದಲ್ಲಿ ಬರೆದು ಅಂಟಿಸಿದೆವು. ಪಕ್ಕದಲ್ಲೇ ಕಾಕಾ ತಮಗೋಸ್ಕರ ದೇವನಾಗರಿಯಲ್ಲಿ ಬರೆದುಕೊಂಡರು. ನಾವು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ನಮ್ಮ ಮಕ್ಕಳು ಈಗ ನಾಯಿಯೊಡನೆಯಾದರೂ ಕನ್ನಡ ಆಡುತ್ತಾರೆ.

ಕೊನೆಗೊಂದು ಮಾತು. ಠಾಣೆ, ಕಲ್ಯಾಣ, ನವಿ ಮುಂಬಯಿಯ ನಮ್ಮ ಬಂಧುಗಳು ಮಕ್ಕಳ ಹಟಕ್ಕೆ ಮಣಿದು ಮರಿ ತರುವ ಮೊದಲು, ನಡುಹಗಲಿನಲ್ಲಿ ಅದರ ಬಳಿ ಯಾರಿರುತ್ತಾರೆಂದು ಯೋಚಿಸಿರಿ. ಯಾರೂ ಇಲ್ಲವಾದರೆ ತರದಿರುವುದೇ ದಯೆ. ಮುಧೋಳ ನಾಯಿಯಂತೂ ಓಟದ ಪ್ರಾಣಿ; ದಿನವೂ ಅದನ್ನು ಓಡಿಸಲೇಬೇಕು. ಅದಕ್ಕಾಗಿ ನಾವೀಗ ಐದಕ್ಕೇ ಏಳುತ್ತೇವೆ. ಮರಿ ಬಾಗಿಲಲ್ಲಿ ಕುಳಿತು ಕಾಯುತ್ತಿರುತ್ತದೆ, ತಡಮಾಡುವವರು ನಾವೇ.