ಸಲುಗೆಯ ಮನೆಯ ಮಗ

ಇಂಗ್ಲೆಂಡಿನ ರಾಜಕಾರಣಿ ಚಾರ್ಲ್ಸ್ ಜೇಮ್ಸ್ ಫಾಕ್ಸ್‌ನ (1749–1806) ದೋಷಗಳೂ ಧೈರ್ಯವೂ ಹುಟ್ಟಿದ್ದು ಒಂದೇ ಮನೆಯಲ್ಲಿ. ಅವನ ತಂದೆ ಹೆನ್ರಿ ಫಾಕ್ಸ್ 1757ರಿಂದ 1765ರವರೆಗೆ ಪೇಮಾಸ್ಟರ್ ಜನರಲ್, ಅಂದರೆ ಸೇನೆಯ ಸಂಬಳ ಬಟವಾಡೆಯ ಮುಖ್ಯಾಧಿಕಾರಿಯಾಗಿದ್ದ. ಬಟವಾಡೆಯಾಗದೆ ಕೈಯಲ್ಲುಳಿದ ಸರ್ಕಾರಿ ಹಣವನ್ನು ಬಡ್ಡಿಗೆ ತೊಡಗಿಸಿ ಲಾಭವನ್ನು ತಾನೇ ಇಟ್ಟುಕೊಳ್ಳಲು ಅಂದಿನ ಪದ್ಧತಿಯಲ್ಲಿ ಅಡ್ಡಿಯಿರಲಿಲ್ಲವಾದ್ದರಿಂದ, ಯುದ್ಧದ ಆ ವರ್ಷಗಳಲ್ಲಿ ಅವನು ಅಪಾರ ಸಂಪತ್ತನ್ನೂ ಅಷ್ಟೇ ಜನದ್ವೇಷವನ್ನೂ ಗಳಿಸಿದ. ತಾಯಿ ಕ್ಯಾರೊಲಿನ್ ಲೆನಾಕ್ಸ್ ರಿಚ್ಮಂಡ್ ಡ್ಯೂಕನ ಮಗಳು. ಹೆತ್ತವರ ವಿರೋಧವಿದ್ದುದರಿಂದ 1744ರಲ್ಲಿ ಆಕೆ ಹೆನ್ರಿಯನ್ನು ಗುಟ್ಟಾಗಿ ಮದುವೆಯಾಗಿದ್ದಳು.

ಮಗನ ಯಾವ ಇಚ್ಛೆಗೂ ತಡೆಯೊಡ್ಡಬಾರದೆಂಬುದು ತಂದೆಯ ನಿಲುವಾಗಿತ್ತು. ಹದಿನಾಲ್ಕರ ಹುಡುಗನನ್ನು ಶಾಲೆಯಿಂದ ಬಿಡಿಸಿ ಯೂರೋಪಿಗೆ ಕರೆದೊಯ್ದು ಜೂಜಾಡಲು ತಾನೇ ಹಣ ಕೊಟ್ಟದ್ದು ವಾತ್ಸಲ್ಯವಲ್ಲ, ಅಪರಾಧ. ಅದರ ಫಲವಾಗಿ ಬೆಳೆದ, ಲಕ್ಷ ಪೌಂಡನ್ನು ಮೀರಿದ ಸಾಲವನ್ನು ತಂದೆ ತನ್ನ ಕೊನೆಯ ದಿನಗಳಲ್ಲಿ ತೀರಿಸಬೇಕಾಯಿತು. ಸೈನಿಕರ ಸಂಬಳದ ಹಣದಿಂದ ಹುಟ್ಟಿದ ಲಾಭ ಹೀಗೆ ಜೂಜಿನ ಮೇಜಿನಲ್ಲಿ ಕರಗಿತು. 1774ರ ಜುಲೈ ತಿಂಗಳಲ್ಲೇ ತಂದೆತಾಯಿ ಇಬ್ಬರೂ ತೀರಿಕೊಂಡರು, ಆ ವರ್ಷ ಮುಗಿಯುವುದರೊಳಗೆ ಅಣ್ಣ ಸ್ಟೀಫನ್ ಕೂಡ.

ಆದರೆ ಯಾರಿಗೂ ಅಂಜದೆ ಮಾತನಾಡುವ ಗುಣವನ್ನು ಕೊಟ್ಟದ್ದೂ ಅದೇ ಸಲುಗೆಯೇ. ಅಮೆರಿಕದ ವಸಾಹತುಗಳ ಮೇಲಿನ ಯುದ್ಧವನ್ನು ಅವನು ದೊರೆ ಮೂರನೆಯ ಜಾರ್ಜ್‌ನ ಕೋಪಕ್ಕೆ ಹೆದರದೆ ವಿರೋಧಿಸಿದ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಸಂಸತ್ತು ನೇಮಿಸುವ ಆಯುಕ್ತರ ಕೈಗೊಪ್ಪಿಸುವ ಅವನ 1783ರ ಮಸೂದೆಯನ್ನು ಶ್ರೀಮಂತರ ಮೇಲ್ಮನೆ ದೊರೆಯ ಒತ್ತಡಕ್ಕೆ ಮಣಿದು ತಿರಸ್ಕರಿಸಿತು.

ಅವನ ಬಾಳಿಗೆ ನೆಲೆ ಒದಗಿಸಿದವಳು ಎಲಿಜಬೆತ್ ಆರ್ಮಿಸ್ಟೆಡ್. ಹಿಂದೆ ಲಂಡನ್ನಿನ ಹೆಸರಾಂತ ಗಣಿಕೆಯಾಗಿದ್ದ ಆಕೆಯನ್ನು ಫಾಕ್ಸ್ 1795ರಲ್ಲಿ ಮದುವೆಯಾದನಾದರೂ, ಆ ಸಂಗತಿ ಬಹಿರಂಗವಾದದ್ದು 1802ರಲ್ಲಿ. ಕುಲದ ಹೆಮ್ಮೆಯೇ ಮದುವೆಯನ್ನು ನಿರ್ಧರಿಸುತ್ತಿದ್ದ ಸಮಾಜದಲ್ಲಿ ಈ ನಿಷ್ಠೆ ಅವನ ಯಾವ ಭಾಷಣಕ್ಕೂ ಕಡಿಮೆಯದಲ್ಲ.

1806ರ ಜೂನ್ 10ರಂದು ಅವನು ಮಂಡಿಸಿದ, ಆಫ್ರಿಕನ್ನರ ಗುಲಾಮ ವ್ಯಾಪಾರವನ್ನು ನಿಲ್ಲಿಸಬೇಕೆಂಬ ಗೊತ್ತುವಳಿಯನ್ನು ಕೆಳಮನೆ ಅಂಗೀಕರಿಸಿತು. 1807ರ ಮಾರ್ಚ್‌ನಲ್ಲಿ ಕಾನೂನು ಅಂಗೀಕಾರವಾಗುವಷ್ಟರಲ್ಲಿ ಅವನು ಬದುಕಿರಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನ ಸಮಾಧಿಯಾಯಿತು. ಎಲಿಜಬೆತ್ 1842ರವರೆಗೆ ಬಾಳಿ, ಅವರಿಬ್ಬರೂ ಕೂಡಿ ಬದುಕಿದ್ದ ಸೇಂಟ್ ಆನ್ಸ್ ಹಿಲ್‌ನ ಮನೆಯಲ್ಲೇ ಕಣ್ಮುಚ್ಚಿದಳು.