ಮೇಜಿನ ಮೇಲಣ ಸ್ವತ್ವವಿಚಾರ

ಕಛೇರಿಯ ಒಂದೇ ಮೇಜನ್ನು ಹಂಚಿಕೊಂಡ ಇಬ್ಬರು ನೌಕರರು ತಮ್ಮತಮ್ಮ ಸ್ವಂತ ಸಾಮಾನುಗಳ ವಿಷಯವಾಗಿ ಜಗಳವಾಡಿದರೆಂದು ಕೇಳಿದೊಡನೆ ನಗುವವರೇ ಬಹುಮಂದಿ. ಹೀಗೆ ನಗುವವರನ್ನು ಸ್ವಲ್ಪ ಗಮನಿಸಿ ನೋಡಬೇಕು. ಅವರಿಗೆ ಪ್ರತ್ಯೇಕವಾದ ಕೊಠಡಿಯಿರುತ್ತದೆ, ಕೊಠಡಿಗೆ ಬಾಗಿಲಿರುತ್ತದೆ, ಬಾಗಿಲ ಹೊರಗೆ ಜವಾನನಿರುತ್ತಾನೆ. ಅವರ ಕನ್ನಡಕವು ಇಟ್ಟ ಕಡೆಯಲ್ಲಿಯೇ ಇರುತ್ತದೆ. ಅಂಥವರಿಗೆ ಈ ಕಲಹವು ಕ್ಷುದ್ರವಾಗಿ ತೋರಿದರೆ ಆಶ್ಚರ್ಯವೇನು?

ರವೀಂದ್ರನಗರದಂತಹ ಬಡಾವಣೆಯಿಂದ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಕೆಲಸಕ್ಕೆ ಹೊರಡುವ ಗುಮಾಸ್ತರನ್ನೂ ಉಪಾಧ್ಯಾಯಿನಿಯರನ್ನೂ ಬ್ಯಾಂಕಿನ ನೌಕರರನ್ನೂ ನೋಡಿದವರಿಗೆ ಈ ವಿಷಯವು ಬೇರೆ ರೀತಿಯಾಗಿ ಕಾಣುವುದು. ಒಂದು ಕೈಯಲ್ಲಿ ಬುತ್ತಿಯ ಚೀಲ, ಕಂಕುಳಲ್ಲಿ ಕೊಡೆ, ಹೆಗಲಲ್ಲಿ ಕೈಚೀಲ. ಚೀಲದೊಳಗೆ ಮಧ್ಯಾಹ್ನದ ಮಾತ್ರೆ, ಓದುವ ಕನ್ನಡಕ, ದೂರವಾಣಿಗೆ ವಿದ್ಯುತ್ತು ತುಂಬುವ ತಂತಿ. ಮಲೆನಾಡಿನ ಹೆಬ್ಬಾಗಿಲೆನಿಸಿದ ಶಿವಮೊಗ್ಗೆಯಲ್ಲಿ ಮಳೆಗಾಲದಲ್ಲಿ ಕೊಡೆಯಿಲ್ಲದೆ ಹೊರಟವನು ನೆನೆದು ಮನೆಗೆ ಮರಳುವುದು ನಿಶ್ಚಯ. ಈ ಸಾಮಾನೆಲ್ಲ ಕಛೇರಿಗೆ ಹೋಗಿ ಎಲ್ಲಿ ಇಳಿಯಬೇಕು? ದಿನದ ಏಳೆಂಟು ಗಂಟೆಗಳನ್ನು ಒಂದು ಕುರ್ಚಿಯಲ್ಲಿ ಕಳೆಯತಕ್ಕ ಮನುಷ್ಯನು ತನ್ನ ದೇಹದ ಅಗತ್ಯಗಳನ್ನು ಮನೆಯ ಗೂಟಕ್ಕೆ ತಗುಲಿಹಾಕಿ ಬರಲಾರನು.

ನಿದರ್ಶನಕ್ಕಾಗಿ ಒಂದು ಕಲಹವನ್ನು ಕಲ್ಪಿಸಿಕೊಳ್ಳಬಹುದು. ಊರನ್ನಾಗಲಿ ಕಛೇರಿಯನ್ನಾಗಲಿ ಹೆಸರಿಸಬೇಕಾದ ಅವಶ್ಯವಿಲ್ಲ. ವಾಚಕರಲ್ಲಿ ಅನೇಕರು ಇಂಥದನ್ನು ಕಣ್ಣಾರೆ ಕಂಡಿರುವರು. ನಾಲ್ಕಡಿ ಉದ್ದದ ಮೇಜು, ಅದಕ್ಕೆ ಒಂದೇ ಖಾನೆ, ಖಾನೆಯ ಬೀಗ ಕೆಟ್ಟು ವರ್ಷಗಳಾಗಿವೆ. ಬಲಗಡೆ ಬಹುಕಾಲದಿಂದ ಅಲ್ಲಿಯೇ ಕುಳಿತ ಹಿರಿಯ ಗುಮಾಸ್ತರು. ಎಡಗಡೆ ವರ್ಗವಾಗಿ ಬಂದು ಆರು ತಿಂಗಳಾದ ಗುಮಾಸ್ತೆ. ಹಿರಿಯರ ಕಡೆಯಲ್ಲಿ ದೇವರ ಪಟ, ಮೂರು ವರ್ಷದ ಹಳೆಯ ಪಂಚಾಂಗಗಳು, ಬಿಸಿನೀರಿನ ಫ್ಲಾಸ್ಕು, ಅಡಕೆಯ ಡಬ್ಬಿ, ಮಂಡಿನೋವಿನ ತೈಲ. ಇವು ವರ್ಷಕ್ಕೆರಡು ಅಂಗುಲದಂತೆ ಎಡಕ್ಕೆ ಸರಿಯುತ್ತ ಬಂದಿವೆ. ಆಕೆಯ ಕೈಚೀಲಕ್ಕೆ ನೆಲವೇ ಗತಿ. ಒಂದು ದಿನ ಆಕೆ ತಾಳ್ಮೆಗೆಟ್ಟು, ದೇವರ ಪಟವೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಎತ್ತಿ ಕಿಟಕಿಯ ಹಲಗೆಯ ಮೇಲಿಟ್ಟರು. ಇರಿಚಲು ಹೊಡೆದು ಪಂಚಾಂಗಗಳು ತೊಯ್ದುಹೋದವು. “ನನ್ನ ಸಾಮಾನು ಮುಟ್ಟೋದಕ್ಕೆ ನೀವ್ಯಾರ್ರೀ?” ಎಂದು ಅವರು, “ಇದೇನು ನಿಮ್ಮನೆ ಜಗಲೀನಾ ಸಾರ್?” ಎಂದು ಇವರು. ಮಾರನೆಯ ದಿನ ಆಕೆಯ ಕೈಚೀಲವು ಬೀರುವಿನ ಹಿಂದೆ ಸಿಕ್ಕಿತು. ಅದರ ಬಾಯಿ ತೆರೆದಿತ್ತು. ಇಟ್ಟವರಾರೆಂಬುದು ತಿಳಿಯಲಿಲ್ಲ. ಆ ಮೇಲೆ ಕಛೇರಿಯು ಎರಡು ಪಕ್ಷವಾಯಿತು. ಒಂದೇ ಮೇಜಿನ ಈ ಬದಿಯಿಂದ ಆ ಬದಿಗೆ ಕಡತವು ಹೋಗಬೇಕಾದರೆ ಜವಾನನು ಬರಬೇಕಾಯಿತು! ಹೊಸನಗರದ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದ ರೈತನು ಬಾಗಿಲಲ್ಲಿ ನಿಂತೇ ಇದ್ದನು. ನಿಯತವಾದ ದಿನಗಳೊಳಗೆ ಜನರಿಗೆ ಸೇವೆ ದೊರೆಯತಕ್ಕದ್ದೆಂದು ೨೦೧೧ರ ಸಕಾಲ ಕಾಯ್ದೆಯು ವಿಧಿಸಿದೆ. ಆದರೆ ಅಡಕೆಯ ಡಬ್ಬಿಯಿಂದುಂಟಾದ ವಿಳಂಬವನ್ನು ಯಾವ ಕಾಲಮಿನಲ್ಲಿ ಬರೆಯಬೇಕು?

ಇಂತಹ ಪ್ರಸಂಗದಲ್ಲಿ ಮೇಲಧಿಕಾರಿಗಳು ಹೇಳುವ ತೀರ್ಪು ಒಂದೇ: ‘ಮೇಜು ಸರ್ಕಾರದ್ದು, ಅದರ ಮೇಲೆ ಸ್ವಂತದ ವಸ್ತು ಯಾವುದೂ ಇರಕೂಡದು.’ ಇದಕ್ಕೆ ಪ್ರಮಾಣವಾಗಿ ಅವರು ವಿಶ್ವೇಶ್ವರಯ್ಯನವರ ಮೇಣದ ಬತ್ತಿಯ ಕಥೆಯನ್ನು ಹೇಳುವರು. ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದು, ಅನಂತರ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡು ಅದನ್ನು ನಷ್ಟದಿಂದೆತ್ತಿದ ಆ ಮಹನೀಯರ ಹೆಸರನ್ನೇ ಇಂದು ಆ ಕಾರ್ಖಾನೆಯು ಧರಿಸಿದೆ. ಆದುದರಿಂದ ಈ ಜಿಲ್ಲೆಯಲ್ಲಿ ಅವರ ಹೆಸರೆತ್ತಿದರೆ ಎದುರಾಡುವವರಿಲ್ಲ. ಸರ್ಕಾರದ ಕಾಗದವನ್ನು ನೋಡುವಾಗ ಸರ್ಕಾರದ ಬತ್ತಿ, ಸ್ವಂತದ ಪತ್ರವನ್ನು ಬರೆಯುವಾಗ ಅದನ್ನಾರಿಸಿ ಸ್ವಂತದ ಬತ್ತಿ: ಇದು ಕಥೆ. ನಡೆದುದೋ ಜನರು ಕಟ್ಟಿದುದೋ, ಅದು ಹಾಗಿರಲಿ. ಈ ಕಥೆಯನ್ನು ಹೇಳುವವರು ಅದನ್ನು ಪೂರ್ತಿಯಾಗಿ ಕೇಳಿದ್ದಾರೆಯೆ? ಎರಡನೆಯ ಬತ್ತಿಯು ಎಲ್ಲಿತ್ತು? ಅದೇ ಮೇಜಿನ ಮೇಲೆಯೇ ಅಲ್ಲವೆ! ಸರ್ಕಾರದ ಮೇಜಿನ ಮೇಲೆ ಸ್ವಂತದ ಬತ್ತಿಯೊಂದಕ್ಕೆ ಸ್ಥಳವಿತ್ತು; ಯಾವುದು ಯಾರದೆಂಬ ಎಚ್ಚರವೂ ಇತ್ತು. ಕಥೆಯು ಕಲಿಸುವುದು ವಿವೇಕವನ್ನು. ಅಧಿಕಾರಿಗಳು ಅದರಿಂದ ಹೊರತೆಗೆಯುವುದು ಬಹಿಷ್ಕಾರವನ್ನು.

ಇನ್ನೊಂದು ಪಕ್ಷವು ಈಚಿನದು. ಬೆಂಗಳೂರಿನ ಗಣಕಯಂತ್ರದ ಕಂಪನಿಗಳಲ್ಲಿ ಅನೇಕ ಕಡೆ ಯಾರಿಗೂ ನಿಯತವಾದ ಮೇಜೇ ಇಲ್ಲ. ಬಂದವನು ಬರಿದಾದ ಕಡೆಯಲ್ಲಿ ಕುಳಿತು, ಸಂಜೆ ಮೇಜನ್ನು ಬೋಳಾಗಿಸಿ ಎದ್ದುಹೋಗುವನು. ೨೦೨೦ರ ಮಹಾಮಾರಿಯ ತರುವಾಯ ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುವ ರೂಢಿ ಹಬ್ಬಿದ ಮೇಲೆ ಈ ಪದ್ಧತಿಗೆ ಬಲ ಬಂದಿದೆ. ಇದನ್ನೇ ಇಲ್ಲಿಯೂ ತಂದರೆ ಜಗಳದ ಬೇರೇ ಕಿತ್ತುಹೋಗುವುದೆಂದು ಬುದ್ಧಿವಂತರು ಕೆಲವರು ವಾದಿಸುವರು. ಮೇಜು ಯಾರದೂ ಅಲ್ಲವೆಂದ ಮೇಲೆ ಯಾರು ಯಾರೊಡನೆ ಜಗಳವಾಡಬೇಕು ಎಂಬುದು ಅವರ ತರ್ಕ. ಈ ತರ್ಕವು ವಿಚಾರಕ್ಕೆ ನಿಲ್ಲದು. ಅಂತಹ ಪದ್ಧತಿಯನ್ನು ನೆಟ್ಟಗೆ ನಡೆಸುವ ಕಡೆಗಳಲ್ಲಿ ನೌಕರನಿಗೆ ಬೀಗವುಳ್ಳ ಸಣ್ಣ ಪೆಟ್ಟಿಗೆಯೊಂದು ಗೋಡೆಯಲ್ಲಿರುತ್ತದೆ. ಅನುಕರಣ ಮಾಡುವವರು ಬೋಳು ಮೇಜನ್ನು ಅನುಕರಿಸುವರು, ಪೆಟ್ಟಿಗೆಯನ್ನು ಮರೆಯುವರು. ಪೆಟ್ಟಿಗೆಗೆ ಖರ್ಚುಂಟು, ಬೋಳುತನಕ್ಕಿಲ್ಲ. ಇದಲ್ಲದೆ ಕಡತ, ವಹಿ, ಮೊಹರು, ಶಾಯಿಗಳೊಡನೆ ವ್ಯವಹರಿಸುವ ಗುಮಾಸ್ತನು ಮಡಿಚುವ ಗಣಕವೊಂದನ್ನೆತ್ತಿಕೊಂಡು ಹೋಗುವ ಎಂಜಿನಿಯರನಲ್ಲ.

ಹಾಗಾದರೆ ಸಮಾನವಾದ ಮೇಜಿನ ಮೇಲೆ ಯಾರಿಗೆ ಎಷ್ಟು ಅಧಿಕಾರ? ಇದಕ್ಕೆ ಉತ್ತರವನ್ನು ವಿಲಾಯತಿಯಿಂದ ತರಿಸಬೇಕಾದುದಿಲ್ಲ. ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡ ನಾಡಿನಲ್ಲಿಯೇ ಈ ಪ್ರಶ್ನೆಯ ತಿರುಳನ್ನು ಬಿಡಿಸಿಟ್ಟಿದ್ದಾನೆ. ಅವಿಭಕ್ತಕುಟುಂಬದ ಸೊತ್ತಿನಲ್ಲಿ ಒಬ್ಬೊಬ್ಬನ ಸ್ವತ್ವವೂ ಸಮಸ್ತದ ಮೇಲೆ ವ್ಯಾಪಿಸಿರುವುದೆಂದೂ, ವಿಭಾಗವೆಂಬುದು ಅದನ್ನು ಒಂದೊಂದು ಭಾಗದಲ್ಲಿ ನಿಲ್ಲಿಸುವುದೆಂದೂ ಅವನ ಸಿದ್ಧಾಂತ. ಇದನ್ನು ಮೇಜಿಗೆ ಅನ್ವಯಿಸಿ ನೋಡಬೇಕು. ನಡುವೆ ಸೀಮೆಸುಣ್ಣದ ಗೆರೆಯನ್ನೆಳೆಯುವವರೆಗೆ ಇಡೀ ಮೇಜು ಇಬ್ಬರದೂ ಹೌದು. ಗೆರೆಯನ್ನೆಳೆದರೋ, ಎರಡಡಿಯಲ್ಲಿ ದೊಡ್ಡ ವಹಿಯನ್ನು ಬಿಚ್ಚಲು ಇಬ್ಬರಿಂದಲೂ ಆಗದು. ಪ್ರೌಢಶಾಲೆಯ ಹುಡುಗರು ಬೆಂಚಿನ ಮೇಲೆಳೆದು ಮೊಣಕೈಯಿಂದ ಯುದ್ಧಮಾಡುವ ಗೆರೆಯಿದು, ಬೆಳೆದವರಿಗೆ ತಕ್ಕುದಲ್ಲ.

ವಿಭಾಗಿಸಲು ಬಾರದ ವಸ್ತುಗಳು ಕೆಲವನ್ನು ಸ್ಮೃತಿಕಾರರು ಎಣಿಸಿದ್ದಾರೆ. ಉಟ್ಟ ಬಟ್ಟೆ, ಏರುವ ವಾಹನ, ತೊಟ್ಟ ಒಡವೆ, ಬೇಯಿಸಿದ ಅನ್ನ, ನೀರು ಮೊದಲಾದುವು ಅದರಲ್ಲಿ ಸೇರಿವೆ. ನೀರೆಂದರೆ ಬಾವಿ ಮುಂತಾದುದು. ಅದನ್ನು ಬೆಲೆಕಟ್ಟಿ ಹಂಚದೆ ಸರದಿಯಿಂದ ಉಪಯೋಗಿಸತಕ್ಕದ್ದೆಂದು ವಿಜ್ಞಾನೇಶ್ವರನು ವಿವರಿಸುತ್ತಾನೆ. ಉಟ್ಟ ಬಟ್ಟೆಯಾದರೋ ಉಟ್ಟವನದೇ. ಕಛೇರಿಯ ಮೇಜಿನ ನ್ಯಾಯವೆಲ್ಲ ಇವೆರಡರಲ್ಲಿ ಅಡಗಿದೆ. ಮೇಜಿನ ಹಲಗೆಯು ಬಾವಿಯಂತೆ: ಈಗ ಯಾರ ಕೆಲಸಕ್ಕೆ ಅಗಲ ಬೇಕೋ ಅವರಿಗೆ ಅಗಲ. ಬಾವಿಯ ದಂಡೆಯ ಮೇಲೆ ತನ್ನ ಬಿಂದಿಗೆಗಳನ್ನು ಸಾಲಾಗಿಟ್ಟು ಊಟಕ್ಕೆ ಹೋದವನನ್ನು ಯಾವ ಕುಟುಂಬವೂ ಸಹಿಸದು. ಆದರೆ ಮೈಗೆ ಸಂಬಂಧಿಸಿದ ವಸ್ತು, ಎಂದರೆ ಕನ್ನಡಕ, ಔಷಧ, ಬುತ್ತಿ, ಹೆಂಗಸರ ಕೈಚೀಲ, ಉಟ್ಟ ಬಟ್ಟೆಯಂತೆ. ಅದು ಎಲ್ಲಿಯೇ ಇರಲಿ, ಮತ್ತೊಬ್ಬರ ಕೈ ಅದನ್ನು ಸೋಕಬಾರದು. ಅದಕ್ಕೊಂದು ನೆಲೆಯೂ ಇರಬೇಕು.

ಈ ಅಳತೆಯಿಂದ ಅಳೆದರೆ ಮೇಲೆ ಕಲ್ಪಿಸಿದ ಹಿರಿಯ ಗುಮಾಸ್ತರ ಪಕ್ಷವು ಬಹುಮಟ್ಟಿಗೆ ಬಿದ್ದುಹೋಗುವುದು. ತೈಲವೂ ಫ್ಲಾಸ್ಕೂ ಮೈಗೆ ಸಂಬಂಧಿಸಿದುವು, ಒಪ್ಪತಕ್ಕುದೇ. ಕಳೆದ ಸಂವತ್ಸರಗಳ ಪಂಚಾಂಗದಿಂದ ಯಾವ ಮುಹೂರ್ತವನ್ನಿಡುವುದು? ಬಹುಕಾಲ ಕುಳಿತೆನೆಂಬ ಮಾತ್ರದಿಂದ ಸಹೋದ್ಯೋಗಿಯ ಭಾಗವು ಭೋಗದಿಂದ ತನ್ನದಾಗುವುದೆಂದು ಭಾವಿಸುವವರು ಕಛೇರಿಗಳಲ್ಲಿ ಕಡಿಮೆಯಿಲ್ಲ. ಇವರಿಗಿಂತಲೂ ಮಿಗಿಲಾದವರು, ಮೇಜನ್ನೇ ಅಂಗಡಿಯಾಗಿ ಮಾಡಿಕೊಂಡು ಹಪ್ಪಳ, ಉಪ್ಪಿನಕಾಯಿಯ ಪೊಟ್ಟಣ, ಕಂತಿನ ಸೀರೆ, ಚೀಟಿಯ ಲೆಕ್ಕದ ಪುಸ್ತಕಗಳನ್ನು ಹರಡುವವರು. ಅವರ ಉಪ್ಪಿನಕಾಯಿ ರುಚಿಯಾಗಿರಬಹುದು, ಅದು ಪ್ರಕೃತವಲ್ಲ.

ಆದರೂ ಆಕೆ ಮಾಡಿದುದು ಸರಿಯೆ? ಹೇಳದೆ ಕೇಳದೆ ಮತ್ತೊಬ್ಬರ ವಸ್ತುವನ್ನೆತ್ತಿಡುವುದು, ಆ ವಸ್ತುವು ಅಲ್ಲಿರಬಾರದಾಗಿದ್ದರೂ, ತಪ್ಪೇ. ಕಳವಿನ ಲಕ್ಷಣವನ್ನು ಹೇಳುವಾಗ ನಮ್ಮ ದಂಡಸಂಹಿತೆಯು ಮೇಜಿನ ಮೇಲಿನ ಉಂಗುರವೊಂದನ್ನೇ ಉದಾಹರಿಸಿತು. ಒಬ್ಬನ ಮನೆಯಲ್ಲಿ ಮೇಜಿನ ಮೇಲೆ ಬಿದ್ದಿರುವ ಅವನ ಉಂಗುರವನ್ನು, ಮುಂದೆ ಎತ್ತಿಕೊಂಡುಹೋಗುವ ಎಣಿಕೆಯಿಂದ ಮತ್ತೊಬ್ಬನು ಅಲ್ಲಿಯೇ ಮರೆಯಲ್ಲಿಟ್ಟರೆ, ಮೊದಲು ಅದನ್ನು ಕದಲಿಸಿದ ಕ್ಷಣದಲ್ಲಿಯೇ ಕಳವು ಪೂರ್ತಿಯಾಯಿತು. ೧೮೬೦ರ ಸಂಹಿತೆಯ ೩೭೮ನೆಯ ಪ್ರಕರಣದಲ್ಲಿದ್ದ ಈ ವಿಧಿಯು ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯ ೩೦೩ನೆಯ ಪ್ರಕರಣವಾಗಿದೆ. ಸಿಟ್ಟಿನಿಂದ ಸಾಮಾನನ್ನು ಕಿಟಕಿಗೆ ಸಾಗಿಸಿದವರಲ್ಲಿ ದುರಾಶೆಯಿಲ್ಲ. ಆದುದರಿಂದ ಅವರು ಕಳ್ಳರಲ್ಲ. ಕೈಚೀಲವನ್ನು ಬೀರುವಿನ ಹಿಂದೆ ಬಿಸುಟವರೂ ಒಳಗಿನದನ್ನು ತೆಗೆದುಕೊಳ್ಳದಿದ್ದರೆ ಕಾಯ್ದೆಯ ಕಣ್ಣಿಗೆ ಕಳ್ಳರಾಗದೆ ಹೋಗಬಹುದು. ಆದರೆ ಪಂಚಾಂಗವು ನೆನೆದುದಕ್ಕೂ ಹೆಣ್ಣುಮಗಳೊಬ್ಬಳ ಕೈಚೀಲವು ಬಾಯ್ದೆರೆದುದಕ್ಕೂ ಅಂತರವೆಷ್ಟು! ಮೊದಲನೆಯದು ಅವಿನಯ, ಎರಡನೆಯದು ಮಾನಕ್ಕೆ ಕೈಹಾಕಿದುದು. ಎರಡನ್ನೂ ‘ಪರಸ್ಪರ ಮನಸ್ತಾಪ’ವೆಂಬ ಒಂದೇ ಟಿಪ್ಪಣಿಯಲ್ಲಿ ಬರೆದು ಇಬ್ಬರಿಗೂ ಸಮವಾಗಿ ಬುದ್ಧಿ ಹೇಳುವ ಅಧಿಕಾರಿಯು ಸಮದರ್ಶಿಯಲ್ಲ, ಸೋಮಾರಿ.

ವಸ್ತುತಃ ಇಲ್ಲಿ ಮೂರನೆಯ ಪ್ರತಿವಾದಿಯೊಬ್ಬನಿದ್ದಾನೆ. ಇಬ್ಬರನ್ನು ಒಂದು ಮೇಜಿಗೆ ಕೂಡಿಸಿ, ಒಂದೇ ಖಾನೆಯನ್ನು ಕೊಟ್ಟು, ಅದರ ಬೀಗವನ್ನೂ ಸರಿಮಾಡಿಸದೆ ಕೈತೊಳೆದುಕೊಂಡ ಆಡಳಿತವೇ ಅವನು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳವರಿಂದ ೧೯೦೯ರಲ್ಲಿ ಮುದ್ರಿತವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೆಕ್ಕದ ಕಛೇರಿಯ ವರ್ಣನೆಯುಂಟು. ಅದು ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿದ್ದು, ಅಲ್ಲಿ ಕುಳಿತುಕೊಳ್ಳುವ ಸ್ಥಳಗಳು ಬೇರೆಬೇರೆಯಾಗಿರತಕ್ಕದ್ದು, ನಿಬಂಧಪುಸ್ತಕಗಳಿಗೆ ನೆಲೆಯಿರತಕ್ಕದ್ದು. ಇದನ್ನು ವಿಧಿಸಿದವನು ಮೃದುಹೃದಯನಲ್ಲ. ನೌಕರರು ಸರ್ಕಾರದ ಹಣವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಅದರ ಮುಂದಿನ ಅಧ್ಯಾಯದಲ್ಲಿಯೇ ಎಣಿಸಿಟ್ಟವನು. ಯಾರ ಮುಂದೆ ಏನಿತ್ತೆಂಬುದು ತಿಳಿಯದ ಕಡೆಯಲ್ಲಿ ತಪ್ಪಿತಸ್ಥನೂ ತಿಳಿಯನು, ನಿರ್ದೋಷಿಯೂ ಉಳಿಯನು ಎಂಬುದು ಅವನಿಗೆ ಗೊತ್ತಿದ್ದಿರಬೇಕು.

ಇದು ಬರಿಯ ಪುರಾಣವಲ್ಲ. ನೌಕರನು ಕೆಲಸಕ್ಕೆ ಬಂದಾಗ ತನ್ನ ಬಳಿಯಿರುವ ಸ್ವಂತದ ನಗದನ್ನು ವಹಿಯಲ್ಲಿ ಬರೆದಿಡಬೇಕೆಂಬ ನಿಯಮವು ಕರ್ನಾಟಕದ ಸರ್ಕಾರಿ ಕಛೇರಿಗಳಲ್ಲಿದೆ. ಲೋಕಾಯುಕ್ತದವರು ಬಂದು ಖಾನೆಯನ್ನೆಳೆದಾಗ ವಹಿಯಲ್ಲಿಲ್ಲದ ನೋಟಿನ ಕಟ್ಟು ಸಿಕ್ಕಿದರೆ, ಬೀಗವಿಲ್ಲದ ಆ ಖಾನೆಯು ಯಾರದು? ಬಲಗಡೆಯವರದೋ, ಎಡಗಡೆಯವರದೋ? ಒಬ್ಬರ ಲಂಚವು ಇನ್ನೊಬ್ಬರ ಕೊರಳಿಗೆ ಸುತ್ತಿಕೊಳ್ಳಲು ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇಕೆ? ಸಾಮಾನಿನ ಜಗಳವೆಂದು ನಕ್ಕವರು ಈ ಪ್ರಶ್ನೆಗೆ ನಗದೆ ಉತ್ತರ ಕೊಡಲಿ.

ಕೂಲಿಗಾರನ ಅಂಗಿಯ ವಿಷಯದಲ್ಲಿ ದೇಶವು ಇಷ್ಟು ಉದಾಸೀನವಾಗಿರಲಿಲ್ಲ. ೧೯೪೮ರ ಕಾರ್ಖಾನೆಗಳ ಕಾಯ್ದೆಯ ೪೩ನೆಯ ಪ್ರಕರಣವು, ಕೆಲಸದ ಹೊತ್ತಿನಲ್ಲಿ ತೊಡದ ಬಟ್ಟೆಗಳನ್ನಿಡಲು ತಕ್ಕ ಸ್ಥಳವನ್ನೂ ಒದ್ದೆ ಬಟ್ಟೆಯನ್ನೊಣಗಿಸುವ ಏರ್ಪಾಡನ್ನೂ ಮಾಡಿಸುವುದಕ್ಕಾಗಿ ರಾಜ್ಯ ಸರ್ಕಾರಗಳಿಗೆ ನಿಯಮ ರಚಿಸುವ ಅಧಿಕಾರವನ್ನು ಕೊಟ್ಟಿತು. ಕುಲುಮೆಯ ಮುಂದೆ ನಿಲ್ಲುವವನ ಒಣ ಅಂಗಿಗೆ ಗೂಟ ಬೇಕೆಂಬುದು ಶಾಸನಸಭೆಗೆ ಹೊಳೆದಿದ್ದಿತು. ಅದೇ ಮಳೆಯಲ್ಲಿ ನೆನೆದು ಬರುವ ಗುಮಾಸ್ತೆಯ ಕೊಡೆಗೆ ಗೂಟವನ್ನು ಹೊಡೆಸಲು ಶಾಸನಸಭೆಯೇ ಕೂಡಬೇಕೆ?

ಹಣವಿಲ್ಲವೆಂಬ ಮಾತನ್ನು ಮಾತ್ರ ಯಾರೂ ಆಡಬಾರದು. ೨೦೨೧ರಿಂದ ಕೇಂದ್ರ ಸರ್ಕಾರವು ತನ್ನ ಕಛೇರಿಗಳ ಹಳೆಯ ಕಡತಗಳನ್ನೂ ಮುರುಕು ಸಾಮಾನನ್ನೂ ವಿಲೇವಾರಿ ಮಾಡಲು ಪ್ರತಿ ಅಕ್ಟೋಬರಿನಲ್ಲಿ ವಿಶೇಷ ಅಭಿಯಾನವನ್ನು ನಡೆಸುತ್ತ ಬಂದಿದೆ. ರಾಜ್ಯದ ಕಛೇರಿಗಳ ಹಿತ್ತಲಿನಲ್ಲಿಯೂ ಜಗಲಿಯಲ್ಲಿಯೂ ಕಾಲು ಮುರಿದ ಮೇಜುಗಳು ಒಂದರ ಮೇಲೊಂದು ಬಿದ್ದಿರುವುದನ್ನು ಹೋಗಿಬರುವವರೆಲ್ಲರೂ ನೋಡುತ್ತಾರೆ. ಮೇಜಿನ ಕಾಲು ಮುರಿದಿದ್ದರೂ ಎಷ್ಟೋ ವೇಳೆ ಖಾನೆ ಮುರಿದಿರುವುದಿಲ್ಲ. ಬಡಗಿಯೊಬ್ಬನನ್ನು ಎರಡು ದಿನದ ಕೂಲಿಗೆ ಕರೆಯಿಸಿದರೆ, ಆ ಖಾನೆಗಳನ್ನು ಬಿಚ್ಚಿ ಈ ಮೇಜುಗಳ ಎರಡು ಮಗ್ಗುಲಿಗೂ ಕೂಡಿಸುವನು. ಖಾನೆಗೊಂದು ಬೀಗ, ಬೀಗದ ಕೈ ಒಂದು ನೌಕರನಲ್ಲಿ, ಎರಡನೆಯದು ಮುಚ್ಚಿದ ಲಕೋಟೆಯಲ್ಲಿ ಮ್ಯಾನೇಜರರ ಬೀರುವಿನಲ್ಲಿ. ಬಾಗಿಲ ಬಳಿಯಲ್ಲಿ, ಕುರ್ಚಿಗೊಂದರಂತೆ ಎಣಿಸಿ ಗೂಟಗಳು. ಕೊಡೆಯ ನೀರು ತೊಟ್ಟಿಕ್ಕಲು ಅವುಗಳ ಕೆಳಗೆ ಒಂದು ತಗಡಿನ ದೋಣಿ. ಮುಂದಿನ ಜೂನ್ ತಿಂಗಳಿನೊಳಗೆ ಇಷ್ಟನ್ನು ಮಾಡಿಸಬಹುದು.